ಹೆಸರು ಬರೆಯದ ಕ್ಯಾಸೆಟ್ಟು

ಸಾಗರ
ಆಷಾಢ

ಚಿರಂಜೀವಿ ಪುಟ್ಟನಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಯಿತು. ಅಡಿಕೆಗೆ ಔಷಧಿ ಹೊಡೆಯಲು ಒಂದು ಹೊತ್ತಿನ ಹೊಳವೂ ಸಿಕ್ಕಿಲ್ಲ. ಹಾಗಾಗಿ, ಶಿವಮೊಗ್ಗದಲ್ಲಿ ಹಾಡಿನ ಕಂಪನಿ ಮಾಡುತ್ತೇನೆಂದು ಹೇಳಿ ನೀನು ಪೆನ್ ಡ್ರೈವಿನಲ್ಲಿ ಹಾಕಿಕೊಟ್ಟ ಸಿನಿಮಾ ನೋಡಿದೆ. ಕರೆಂಟು ಮೂರು ಸಲ ಹೋಗಿದ್ದರಿಂದ ಎರಡು ರಾತ್ರಿ ಹಿಡಿಯಿತು. ನಿನ್ನ ಅತ್ತೆ ಅರ್ಧ ಗಂಟೆ ಕೂತು, ‘ಈ ಹುಡುಗರಿಗೆ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇ’ ಎಂದು ಎದ್ದು ಹೋದಳು. ನಾನು ಕೊನೆಯವರೆಗೂ ಕೂತೆ. ಅವರ ಇಂಗ್ಲಿಷು ಅರ್ಧಕ್ಕರ್ಧ ಕಿವಿಗೆ ಹತ್ತಲಿಲ್ಲ, ಕೆಳಗೆ ಬರುವ ಅಕ್ಷರ ಓದಿಕೊಂಡೆ. ಹಾಡುಗಳು ನನ್ನ ಜಾಯಮಾನದವಲ್ಲ. ಆದರೂ ಇಷ್ಟು ಖುಷಿಯಿಂದ ಸಿನಿಮಾ ನೋಡಿ ಎಷ್ಟೋ ವರ್ಷವಾಗಿತ್ತು.

‘24 ಅವರ್ ಪಾರ್ಟಿ ಪೀಪಲ್’ ಎಂಬ ಹೆಸರು ಕೇಳಿ ಬರೀ ಕುಣಿತವಿರಬಹುದು ಎಂದುಕೊಂಡಿದ್ದೆ. ಟೋನಿ ವಿಲ್ಸನ್ ಎಂಬ ಮ್ಯಾಂಚೆಸ್ಟರಿನ ಟಿವಿ ವರದಿಗಾರ ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಹಾರಿ ದಬಕ್ಕನೆ ಬೀಳುವುದರಿಂದಲೇ ಕಥೆ ಶುರು. ಮುಂದೆ ಏನಾಗುತ್ತದೆಂದು ಅಲ್ಲೇ ತಿಳಿಯಿತು. ಆಮೇಲೆ 1976ರ ಜೂನಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಬ್ಯಾಂಡಿನವರ ಸಂಗೀತ ಕಛೇರಿ. ಸಭಾಂಗಣದಲ್ಲಿ ಇದ್ದವರು 42 ಜನ. ಅವರಲ್ಲಿ ಕೆಲವರು ಮನೆಗೆ ಹೋದವರೇ ತಾವೂ ಬ್ಯಾಂಡು ಕಟ್ಟಿದರು. ಇದನ್ನು ನಂಬಲು ನನಗೆ ಕಷ್ಟವಾಗಲಿಲ್ಲ. 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರುವಾಯಿತು. ಅಡಿಕೆ ಸುಲಿದ ಕಪ್ಪು ಉಗುರಿನಿಂದ ಹೋಗದ ಜನ ಸಾಲಾಗಿ ಕೂತು ಜಪಾನಿನ ಕುರೊಸಾವಾನ ಸಿನಿಮಾ ನೋಡಿದ ಸೀಮೆ ನಮ್ಮದು. ನಿನ್ನ ಕಾರ್ಯಕ್ರಮಕ್ಕೆ ಜನ ಕಡಿಮೆ ಬಂದರೆಂದು ನೀನು ಮುಖ ಸಣ್ಣ ಮಾಡಿಕೊಳ್ಳಬೇಡ.

ನನಗೆ ಅತ್ಯಂತ ಹಿಡಿಸಿದ್ದು ಮಾರ್ಟಿನ್ ಹ್ಯಾನೆಟ್, ಆ ಧ್ವನಿಮುದ್ರಣದ ಆಸಾಮಿ. ಡ್ರಮ್ ಬಾರಿಸುವವನನ್ನು ಕಟ್ಟಡದ ಮಾಳಿಗೆ ಮೇಲೆ ಕೂರಿಸುತ್ತಾನೆ. ಉಳಿದವರೆಲ್ಲ ಮನೆಗೆ ಹೋದರೂ ಆ ಪಾಪದವನು ಬಾರಿಸುತ್ತಲೇ ಇರುತ್ತಾನೆ. ಇನ್ನೊಂದು ಕಡೆ ಇದೇ ಹ್ಯಾನೆಟ್ ಬೋಳುಗುಡ್ಡದ ಮೇಲೆ ಯಂತ್ರ ಹಿಡಿದು ನಿಂತಿರುತ್ತಾನೆ. ಏನು ರೆಕಾರ್ಡ್ ಮಾಡುತ್ತಿದ್ದೀಯ ಎಂದರೆ ಮೌನವನ್ನಂತೆ! ನಾನು ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆ. ಅವನು ಕೊಡಚಾದ್ರಿಗೆ ಬಂದಿದ್ದರೆ ಮೌನ ಸಿಗುತ್ತಿತ್ತೇ? ಜೀರುಂಡೆ, ಜಿಗಣೆಗೆ ಹೆದರಿ ಕಾಲು ಕೊಡವುವವರ ಸದ್ದು, ಎಲೆಯಿಂದ ಎಲೆಗೆ ಬೀಳುವ ನೀರು. ನಮ್ಮ ಮಳೆಗಾಲದಲ್ಲಿ ಮೌನವೆಂಬುದು ಚಳಿಗಾಲಕ್ಕೆ ಮುಂದೂಡಿದ ಕೆಲಸ.

ಇನ್ನೊಂದು ಚಂದವೆಂದರೆ ಸಿನಿಮಾ ತನ್ನ ಸುಳ್ಳನ್ನು ತಾನೇ ಒಪ್ಪಿಕೊಳ್ಳುತ್ತದೆ. ಒಬ್ಬ ಹಾಡುಗಾರನ ಬಗ್ಗೆ ಮಾನ ಹೋಗುವಂಥ ಪ್ರಸಂಗವೊಂದು ಬರುತ್ತದೆ. ಅಲ್ಲೇ ಶೌಚಾಲಯ ಒರೆಸುತ್ತಿರುವ ಒಬ್ಬ ನಮ್ಮ ಕಡೆ ತಿರುಗಿ, ಇದು ನಡೆದದ್ದು ನನಗೇನೂ ನೆನಪಿಲ್ಲ ಎನ್ನುತ್ತಾನೆ. ಅವನೇ ನಿಜವಾದ ಆ ಹಾಡುಗಾರ! ನಿನ್ನ ತಾತ ಬೇಟೆಯ ಕಥೆ ಹೇಳುವಾಗ ನಿನ್ನ ಅಜ್ಜಿ ಬಾಗಿಲ ಹಿಂದಿನಿಂದ ಹೀಗೇ ಮಾತು ತೆಗೆಯುತ್ತಿದ್ದಳು.

ವಿಲ್ಸನ್ ಮತ್ತು ಅವನ ಗೆಳೆಯರು ಫ್ಯಾಕ್ಟರಿ ಎಂಬ ಹೆಸರಿನಲ್ಲಿ ಹಾಡು ಮುದ್ರಿಸಿ ಹೊರತರುವ ಕಂಪನಿ ಶುರುಮಾಡಿದ್ದು 1978ರಲ್ಲಿ. ಅದೇ 1978ರಲ್ಲಿ ನಮ್ಮಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂತು. ಕವಿ ನಿಸಾರ್ ಅಹಮದ್ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು, ಹಾಡಿನ ಮೊದಲ ಸಾಲಿನಲ್ಲೇ ನಮ್ಮ ತಾಲ್ಲೂಕಿನ ಜೋಗ. ಶಿವಮೊಗ್ಗ ಸುಬ್ಬಣ್ಣನವರಿಗೆ ‘ಕಾಡು ಕುದುರೆ’ಯ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಬಂದದ್ದೂ 1978ರ ಸಾಲಿನದೇ. ದೊಡ್ಡ ಪಟ್ಟಣದ ಅಪ್ಪಣೆ ಕಾಯದೆ ಒಂದು ಊರು ತನ್ನ ದನಿ ತಾನೇ ಕೇಳಿಸಿಕೊಳ್ಳುವುದು ಮ್ಯಾಂಚೆಸ್ಟರಿನವರ ಸೊತ್ತಲ್ಲ. ಆದ್ದರಿಂದ ಶಿವಮೊಗ್ಗದಲ್ಲಿ ಅಂಥದ್ದೇ ಸಣ್ಣ ಕಂಪನಿ ಮಾಡುತ್ತೇನೆ ಎಂಬ ನಿನ್ನ ಮಾತಿಗೆ ಬೇಡವೆನ್ನುವುದಿಲ್ಲ. ನಿನ್ನ ಅಮ್ಮನಿಗೂ ನಾನೇ ಹೇಳುತ್ತೇನೆ, ಆ ಗಂಡಾಂತರ ನನಗಿರಲಿ.

ಲೆಕ್ಕದ ಮಾತು ಮಾತ್ರ ಬೇರೆ. 1983ರಲ್ಲಿ ಅವರದೊಂದು ಹಾಡು ಎಲ್ಲಿಲ್ಲದಂತೆ ಮಾರಾಟವಾಯಿತು. ಆದರೆ ಫ್ಲಾಪಿ ಡಿಸ್ಕಿನಂತೆ ಕತ್ತರಿಸಿ ಮಾಡಿದ ಅದರ ಹೊದಿಕೆ ಎಷ್ಟು ದುಬಾರಿಯೆಂದರೆ, ಸಿನಿಮಾ ಹೇಳುವ ಪ್ರಕಾರ, ಒಂದೊಂದು ಪ್ರತಿ ಮಾರಿದಾಗಲೂ ನಷ್ಟ. ಅವರೇ ನಡೆಸುವ ಡ್ಯಾನ್ಸ್ ಕ್ಲಬ್ಬು ತುಂಬಿ ತುಳುಕಿದರೂ ಹುಡುಗರು ಮಾತ್ರೆ ನುಂಗಿ ಕುಣಿಯುತ್ತಾರೆ, ಕೌಂಟರಿನಲ್ಲಿ ಕಾಸು ಬಿಚ್ಚುವುದಿಲ್ಲ. ಕಚೇರಿಗೆ ತಂತಿಯಿಂದ ತೂಗುಬಿಟ್ಟ ಮೇಜು ಬೇರೆ. ನೀನು ಆ ಮೇಜು ನೋಡಿ ಆಸೆಪಟ್ಟಿರುತ್ತೀಯ, ನನಗೆ ಗೊತ್ತು. ಹಲಸಿನ ಹಲಗೆಯ ಮೇಜು ಅಟ್ಟದ ಮೇಲಿದೆ, ಒಯ್ದುಕೋ.

1992ರಲ್ಲಿ ಎಲ್ಲ ಮುಳುಗುವ ಹೊತ್ತಿಗೆ ಲಂಡನ್ನಿನ ದೊಡ್ಡ ಕಂಪನಿಯವರು ಕೊಳ್ಳಲು ಬಂದು ಕರಾರು ಪತ್ರ ಕೇಳುತ್ತಾರೆ. ಸಂಗೀತಗಾರರದ್ದೇ ಎಲ್ಲ, ಕಂಪನಿಯದ್ದು ಏನೂ ಇಲ್ಲ ಎಂದು ವಿಲ್ಸನ್ ರಕ್ತದಲ್ಲಿ ಬರೆದ ಚೀಟಿ ಹೊರಬರುತ್ತದೆ. ಮಾರಲು ಏನೂ ಇಲ್ಲ! ಎಲ್ಲರೂ ನಗುವ ಜಾಗ ಅದು. ನನಗೆ ನಗು ಬರಲಿಲ್ಲ. ಏಕೆಂದು ನಿನ್ನ ಅಮ್ಮನಿಗೂ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ.

ಬಸ್ ನಿಲ್ದಾಣದ ಹತ್ತಿರ ನನ್ನ ಕ್ಯಾಸೆಟ್ ಅಂಗಡಿ ಇದ್ದದ್ದು ನಿನಗೆ ಗೊತ್ತು. ಜನ ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ತರುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿ ಕೊಡುತ್ತಿದ್ದೆ. ಒಂದು ದೀಪಾವಳಿಯ ರಾತ್ರಿ ಅಂಟಿಗೆ ಪಿಂಟಿಗೆಯವರು ದೀಪ ಹಿಡಿದು ಮನೆಗೆ ಬಂದರು. ದೀಪಕ್ಕೆ ಎಣ್ಣೆ ಎರೆದು ಜಗಲಿಯಲ್ಲಿ ಕೂರಿಸಿದೆ, ಕಂಬಕ್ಕೆ ಮೈಕು ಕಟ್ಟಿದೆ. ಎರಡೂ ಬದಿ ತುಂಬುವಷ್ಟು ಹಾಡಿದರು. ಅಕ್ಕಿ, ಅಡಿಕೆ, ಹೋಳಿಗೆ, ಹತ್ತು ರೂಪಾಯಿ ಕೊಟ್ಟು ಕಳಿಸಿದೆ. ಆ ಕ್ಯಾಸೆಟ್ಟು ನನ್ನ ಅಂಗಡಿಯಲ್ಲಿ ಚೆನ್ನಾಗಿ ಓಡಿತು, ಬಸ್ಸುಗಳಲ್ಲೂ ಹಾಕುತ್ತಿದ್ದರು. ಒಂದು ದಿನ ಆ ಹಾಡುಗಾರರ ಮುಮ್ಮೇಳದ ಹಿರಿಯ ಅಂಗಡಿಗೆ ಬಂದು, ‘ಬಸ್ಸಿನಲ್ಲಿ ಹಾಡಿದ್ದು ನನ್ನ ದನಿಯಲ್ಲವೇ ಒಡೆಯರೇ’ ಎಂದು ನಗುತ್ತಾ ಕೇಳಿದ. ಚಹಾ ತರಿಸಿದೆ. ದೊಡ್ಡ ಮನಸ್ಸಿನಿಂದ ಒಂದು ಕ್ಯಾಸೆಟ್ಟನ್ನೂ ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದ. ಅವನ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಅದು ನನಗೆ ಹೊಳೆದದ್ದು ಆ ರಾತ್ರಿ ಊಟಕ್ಕೆ ಕೂತಾಗ. ಅವನು ತಿರುಗಿಸಿ ಹುಡುಕಿದ್ದಾದರೂ ಏನು? ಚೀಟಿಯ ಮೇಲೆ ನಾನು ಬರೆದದ್ದು ‘ಮಲೆನಾಡ ಜಾನಪದ ಗೀತೆಗಳು’ ಎಂದು, ಅದರ ಕೆಳಗೆ ನನ್ನ ಅಂಗಡಿಯ ಹೆಸರು.

ಶಿವಮೊಗ್ಗ ಕೋರ್ಟಿನ ನನ್ನ ಸ್ನೇಹಿತನನ್ನು ಕೇಳಿದೆ. ಕೃತಿಸ್ವಾಮ್ಯದ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದ ಮೇಲೆ, ಹಾಡು ಬರೆದವರು ಮತ್ತು ಸಂಗೀತ ಕೂಡಿಸಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲವಂತೆ. ಒಳ್ಳೆಯದೇ. ಆದರೆ ದೀಪಾವಳಿಯ ಹಾಡನ್ನು ಬರೆದವರು ಯಾರು? ಅವರು ಕಾನೂನಿನ ಕೈಗೆ ಸಿಗುವುದಿಲ್ಲ. ಹಾಡಿದವರು ಎದುರಿಗೇ ಕೂತಿರುತ್ತಾರೆ. ಮೈಕು ಕಟ್ಟುವ ಮೊದಲು ಪ್ರತಿಯೊಬ್ಬರ ಹೆಸರು, ಊರು ಬರೆದುಕೋ. ಎಷ್ಟು ಮಾರಿದರೆ ಎಷ್ಟು ಕೊಡುತ್ತೀಯೆಂದು ಕನ್ನಡದಲ್ಲಿ ಬರೆದು ಓದಿ ಹೇಳು. ರಕ್ತದ ಗೋಜು ಬೇಡ, ಬಾಲ್ ಪೆನ್ನು ಸಾಕು.

ಫ್ಯಾಕ್ಟರಿಯ ಒಂದು ಬ್ಯಾಂಡಿನಲ್ಲಿ ಹಾಡುತ್ತಿದ್ದ ಇಯಾನ್ ಕರ್ಟಿಸ್ ಎಂಬ ಹುಡುಗನ ಮಾತು ಹೇಳುವುದೇ ಬಿಟ್ಟೆ. ಮೂರ್ಛೆ ರೋಗ, ಮನೆಯಲ್ಲಿ ತಾಪತ್ರಯ, ಮೇಲಿಂದ ಮೇಲೆ ಕಾರ್ಯಕ್ರಮ. ಅಮೆರಿಕಕ್ಕೆ ಹೊರಡುವ ಹಿಂದಿನ ದಿನ, 1980ರ ಮೇ 18ರಂದು ಪ್ರಾಣ ಕಳೆದುಕೊಂಡ. 23 ವರ್ಷ, ನಿನಗಿಂತ ಚಿಕ್ಕವನು. ಸಿನಿಮಾ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಿನ್ನ ಹಾಡುಗಾರರನ್ನು ಮುಂದಿನ ಕಾರ್ಯಕ್ರಮ ಯಾವಾಗ ಎಂದು ಕೇಳುವ ಮೊದಲು ಊಟ, ನಿದ್ದೆ ವಿಚಾರಿಸು.

ಆ ದೀಪಾವಳಿಯ ಮೂಲ ಕ್ಯಾಸೆಟ್ಟು ಒಲೆಯ ಮೇಲಿನ ಅಟ್ಟದಲ್ಲಿ, ಬಿಸ್ಕತ್ತಿನ ಡಬ್ಬದೊಳಗೆ ಒಂದು ಹಿಡಿ ಅಕ್ಕಿಯ ಮೇಲಿದೆ. ಬಿಸಿಗೆ ಟೇಪು ಹಾಳಾಗುತ್ತದೆಂದು ಎಲ್ಲರೂ ಹೇಳುತ್ತಾರೆ, ಬೂಷ್ಟಿಗಿಂತ ವಾಸಿ ಎಂದು ನಾನು ಅಲ್ಲೇ ಇಟ್ಟಿದ್ದೇನೆ. ಆ ಹಿರಿಯ ತೀರಿಕೊಂಡು ಬಹಳ ವರ್ಷವಾಯಿತು. ಮಗ ಊರಲ್ಲೇ ಇದ್ದಾನೆ. ಮಳೆ ಹೊಳವಾದ ಮೇಲೆ ಎರಡು ದಿನ ರಜೆ ಹಾಕಿ ಬಾ, ಇಬ್ಬರೂ ಅವನ ಮನೆಗೆ ಹೋಗಿ ಹಾಡು ಕೇಳಿಸಿ, ಹಾಡಿದವರು ಯಾರ್ಯಾರೆಂದು ಬರೆದುಕೊಳ್ಳೋಣ. ನನ್ನ ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟು ಹೋಗಿದೆ, ಶಿವಮೊಗ್ಗದಲ್ಲಿ ಎಲ್ಲಾದರೂ ಸಿಕ್ಕರೆ ಎರಡು ತಾ.

ಇಂತಿ ನಿನ್ನ ಮಾವ