ಮಗಳಿಗೊಂದು ಪತ್ರ: ಉಸಿರು ಹಂಚಿಕೊಳ್ಳುವ ಊರಿನಲ್ಲಿ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಆಕ್ಲೆಂಡಿನ ನಿನ್ನ ಆಸ್ಪತ್ರೆಯಲ್ಲಿ ಹೊಸ ನರ್ಸುಗಳಿಗೆ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳ ಪದ್ಧತಿಯ ಸ್ವಾಗತವಿದೆ, ಗುರುತಿಲ್ಲದವರ ಮೂಗಿಗೆ ಮೂಗು ತಾಗಿಸಬೇಕಂತೆ ಎಂದು ಫೋನಿನಲ್ಲಿ ಅಳುಕಿದೆಯಲ್ಲ, ಅಂದಿನಿಂದ ಅದರ ಬಗ್ಗೆಯೇ ಓದುತ್ತಿದ್ದೇನೆ. ಹಿಂಜರಿಯಬೇಡ ಮಗಳೇ, ಮನಸಾರೆ ಮಾಡು.

ಹೀಗೆ ಮೂಗು ತಾಗಿಸುವುದಕ್ಕೆ ಅವರು ಹೊಂಗಿ ಎನ್ನುತ್ತಾರೆ. ಅದರಲ್ಲಿ ಮೂಗು, ಹಣೆ ಎರಡೂ ಮೆಲ್ಲಗೆ ತಾಗುತ್ತವೆ, ಇಬ್ಬರ ಉಸಿರೂ ಬೆರೆಯುತ್ತದೆ. ತಾನೆ ಎಂಬ ದೇವರು ಮಣ್ಣಿನಿಂದ ಹೆಣ್ಣಿನ ರೂಪ ಮಾಡಿ, ಮೂಗಿನಲ್ಲಿ ಉಸಿರೂದಿ ಜೀವ ಕೊಟ್ಟನೆಂದು ಅವರ ಪುರಾಣ. ಮೊದಲ ಹೆಣ್ಣು ಹುಟ್ಟಿದ್ದು ಹಾಗೆ. ಹೊಂಗಿ ಮುಗಿದ ಮೇಲೆ ನೀನು ಅವರಿಗೆ ಹೊರಗಿನವಳಲ್ಲ. ಮೊದಲ ದಿನವೇ ಇಷ್ಟು ದೊಡ್ಡದನ್ನು ಕೊಡುವವರೆದುರು ಮುಖ ಹಿಂದೆ ಸರಿಸುವುದು ತರವಲ್ಲ.

ಮುಟ್ಟದೆ ಕೈಮುಗಿದು ಬೆಳೆದವರು ನಾವು, ನಿನ್ನ ಸಂಕೋಚ ನನಗೆ ಅರ್ಥವಾಗುತ್ತದೆ. ಥಾಯ್ಲೆಂಡಿನವರೂ ಕೈಮುಗಿಯುತ್ತಾರೆ, ಎದುರಿಗಿರುವವರು ಹಿರಿಯರಾದಷ್ಟೂ ಜೋಡಿಸಿದ ಕೈ ಮೇಲೇರುತ್ತದೆ. ಜಪಾನಿನವರು ಬಾಗುತ್ತಾರೆ. ಆಯಾ ಊರಿನವರು ಮಾಡುವುದನ್ನು ನೋಡಿ ಮಾಡಿದರಾಯಿತು.

ಮಾವೋರಿಗಳ ಸ್ವಾಗತ ಹೆಂಗಸೊಬ್ಬಳ ಕರೆಯಿಂದ ಆರಂಭವಾಗುತ್ತದೆ. ಕರೆ ಬರುವವರೆಗೆ ಹೊರಗೇ ನಿಲ್ಲಬೇಕು. ಆಮೇಲೆ ಮಾತು, ಹಾಡು, ಹೊಂಗಿ, ಕೊನೆಗೆ ಊಟ. ಆ ಊಟ ಬರಿಯ ಉಪಚಾರವಲ್ಲ, ವಿಧಿಯ ಮಡಿಯನ್ನು ಬಿಡಿಸಿ ಎಲ್ಲರನ್ನೂ ನಿತ್ಯದ ಬದುಕಿಗೆ ಕರೆತರುವುದೂ ಅದೇ. ಓದುತ್ತಿದ್ದಂತೆ ನಮ್ಮ ಕಡೆಯ ಮನೆಗಳು ಕಣ್ಣ ಮುಂದೆ ಬಂದವು. ಅಡಿಕೆ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಗುಡ್ಡ ಹತ್ತಿಳಿದು ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ ನೀರು, ಕುಳಿತ ಮೇಲೆ ಎಲೆ ಅಡಿಕೆಯ ಕವಳದ ತಟ್ಟೆ. ಹೆಸರು, ಊರು, ಬಂದ ಕೆಲಸ ಎಲ್ಲವನ್ನೂ ಕೇಳುವುದು ಅನಂತರ. ಬಂದವರು ಬೆಲ್ಲದ ಚೂರನ್ನಾದರೂ ಬಾಯಿಗೆ ಹಾಕದೆ ಹೊರಟರೆ ನಿನ್ನ ಅಜ್ಜಿಗೆ ದಿನವಿಡೀ ಸಮಾಧಾನವಿರುತ್ತಿರಲಿಲ್ಲ. ಹಾಗಾಗಿ ಅಲ್ಲಿ ತಟ್ಟೆ ಬಂದಾಗ ಬೇಡ ಎನ್ನಬೇಡ. ಮಾಂಸ ತಿನ್ನದಿದ್ದರೆ ಬ್ರೆಡ್ಡನ್ನೋ ಹಣ್ಣನ್ನೋ ತೆಗೆದುಕೊ.

ಅಂದು ನೆಗಡಿಯಿದ್ದರೆ ಮಾತ್ರ ಮುಂಚೆಯೇ ಹೇಳಿಬಿಡು. 2020ರಲ್ಲಿ ಕೋವಿಡ್ ಹಬ್ಬಿದಾಗ ಕೆಲವು ಮಾವೋರಿ ಬುಡಕಟ್ಟುಗಳೇ ಹೊಂಗಿಯನ್ನು ನಿಲ್ಲಿಸಿದ್ದವು, ಆದ್ದರಿಂದ ಯಾರೂ ತಪ್ಪು ತಿಳಿಯಲಾರರು. ಇನ್ನು ನಿನ್ನ ಕನ್ನಡಕ: ಸಾಲು ಹತ್ತಿರ ಬರುತ್ತಿದ್ದಂತೆ ತೆಗೆದು ಕೈಯಲ್ಲಿ ಹಿಡಿದುಕೊ.

ನಿನ್ನ
ಅಮ್ಮ