ಕಚ್ಚಾತೈಲದ ಚರ್ಚೆಯಲ್ಲಿ ಅಡುಗೆ ಎಣ್ಣೆ ಮರೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ರಷ್ಯಾ ಅಧ್ಯಕ್ಷ ಪುಟಿನ್ 2025ರ ಡಿಸೆಂಬರ್ 4 ಮತ್ತು 5ರಂದು ದೆಹಲಿಗೆ ಬಂದು ಹೋದರು. ಅವತ್ತಿನಿಂದ ಪತ್ರಿಕೆಗಳಲ್ಲಿ ಒಂದೇ ಚರ್ಚೆ. ರಷ್ಯಾದ ಕಚ್ಚಾತೈಲ ಕೊಳ್ಳಬೇಕೋ ಬೇಡವೋ, ಅಮೆರಿಕದ ಮಾತು ಕೇಳಬೇಕೋ ಬೇಡವೋ ಅಂತ. ನಾನು ಎಲ್ಲವನ್ನೂ ತಪ್ಪದೆ ಓದುತ್ತಿದ್ದೇನೆ. ಆದರೆ ಅಡುಗೆ ಎಣ್ಣೆಯ ಮಾತನ್ನು ಒಬ್ಬರೂ ಎತ್ತಲಿಲ್ಲ. ರಷ್ಯಾ-ಉಕ್ರೇನ್ ಯುದ್ಧದ ಬಿಸಿ ನಮಗೆ ಮೊದಲು ತಟ್ಟಿದ್ದೇ ಅಲ್ಲಿ. ಅದಕ್ಕೇ ಈ ಪತ್ರ.

ಗದಗದಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. 2022ರ ಫೆಬ್ರುವರಿ 24ರಂದು ರಷ್ಯಾ ಸೇನೆ ಉಕ್ರೇನಿನೊಳಗೆ ನುಗ್ಗಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ನನ್ನ ಅಂಗಡಿಯಲ್ಲಿ 160 ರೂಪಾಯಿ ಆಸುಪಾಸಿನಲ್ಲಿದ್ದ ಸೂರ್ಯಕಾಂತಿ ಎಣ್ಣೆ ಪಾಕೀಟು 200ರ ಹತ್ತಿರ ಹೋಗಿತ್ತು. ಹತ್ತು ಬಾಕ್ಸ್ ಕೇಳಿದರೆ ಹೋಲ್‌ಸೇಲ್‌ನವರು ಮೂರು ಕೊಡುತ್ತಿದ್ದರು. 'ಒಬ್ಬರಿಗೆ ಎರಡೇ ಪಾಕೀಟು' ಅಂತ ರಟ್ಟಿನ ಮೇಲೆ ಬರೆದು ತೂಗುಹಾಕಿದ್ದೆ. ದಿನಾ ಮಧ್ಯಾಹ್ನ ಎರಡು ಲೀಟರ್ ಒಯ್ಯುವ ಮಿರ್ಚಿ ಗಾಡಿಯ ಅಕ್ಕ ಆ ರಟ್ಟನ್ನು ನೋಡಿ, "ಅಲ್ಲೆಲ್ಲೋ ಯುದ್ಧ ಆದ್ರ ನಮ್ಮೂರಾಗ ಎಣ್ಣಿ ಯಾಕ ತುಟ್ಟಿ ಆಕ್ಕೈತಿ ಅಣ್ಣಾ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವರು ತಾಳೆ ಎಣ್ಣೆಗೆ ಬದಲಾದರು. ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿತು. ಮತ್ತೆ ಬಿಟ್ಟಿದ್ದು ಮೇ 23ಕ್ಕೆ. ಆ ತಿಂಗಳು ಅಕ್ಕನ ತಟ್ಟೆಯಲ್ಲಿ ನಾಲ್ಕು ಮಿರ್ಚಿ ಇದ್ದದ್ದು ಮೂರಾಯಿತು.

ಆಮೇಲೆ ಓದಿ ತಿಳಿದುಕೊಂಡೆ. ಯುದ್ಧಕ್ಕೆ ಮೊದಲು ನಾವು ಹೊರಗಿನಿಂದ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಉಕ್ರೇನಿನದೇ. ಕಪ್ಪು ಸಮುದ್ರದ ಅವರ ಬಂದರುಗಳು ಮುಚ್ಚಿದವು, ಹಡಗು ನಿಂತವು, ನಮ್ಮ ಕಡಾಯಿ ಬರಿದಾಯಿತು. ಈಗ ಎಣ್ಣೆ ಸಿಗುತ್ತಿದೆ. ಆದರೆ ಇವತ್ತು ಅದರ ದೊಡ್ಡ ಪಾಲು ಬರುತ್ತಿರುವುದು ರಷ್ಯಾದಿಂದ. ಅಂಗಡಿ ಬದಲಾಯಿತು, ಅಷ್ಟೇ. ಇನ್ನೊಬ್ಬರನ್ನು ನೆಚ್ಚಿಕೊಂಡು ಕೂರುವ ಪಾಡು ಹಾಗೇ ಉಳಿದಿದೆ.

ಕಚ್ಚಾತೈಲದಲ್ಲೂ ಇದೇ ಕಥೆ ಅಲ್ವಾ? ಯುದ್ಧಕ್ಕೆ ಮೊದಲು ರಷ್ಯಾದ ಪಾಲು ನೂರರಲ್ಲಿ ಎರಡೂ ಇರಲಿಲ್ಲ. ಆಮೇಲೆ ಮೂರನೇ ಒಂದು ಭಾಗ ದಾಟಿತು. ರಿಯಾಯಿತಿಗೆ ಸಿಕ್ಕಿತು, ಕೊಂಡೆವು. ವ್ಯಾಪಾರಿಯಾಗಿ ನಾನು ಅದನ್ನು ತಪ್ಪು ಅನ್ನುವುದಿಲ್ಲ. ಬಡವರು ಜಾಸ್ತಿ ಇರುವ ದೇಶ ಅಗ್ಗದ ತೈಲ ಬಿಟ್ಟು ತುಟ್ಟಿಯದು ಕೊಳ್ಳಲಿ ಅಂತ ಹೇಳುವ ಹಕ್ಕು ಯುರೋಪಿಗೆ ಇರಲಿಲ್ಲ. ಆಗ ಅವರೇ ರಷ್ಯಾದ ಗ್ಯಾಸ್ ಉರಿಸುತ್ತಿದ್ದರು. ನಾವು ತಿಂಗಳಿಗೆ ಕೊಳ್ಳುವಷ್ಟನ್ನು ಯುರೋಪು ಒಂದು ಮಧ್ಯಾಹ್ನದಲ್ಲಿ ಕೊಳ್ಳುತ್ತದೆ ಎಂಬ ಅರ್ಥದ ಮಾತನ್ನು ವಿದೇಶಾಂಗ ಸಚಿವ ಜೈಶಂಕರ್ 2022ರ ಏಪ್ರಿಲ್‌ನಲ್ಲಿ ಆಡಿದ್ದರು. ಆ ಹೊತ್ತಿಗೆ ಅದು ಸರಿಯಾದ ಉತ್ತರ. ನನಗೂ ಹೆಮ್ಮೆ ಎನಿಸಿತ್ತು. ಆದರೆ ಒಂದೇ ವರ್ಷದಲ್ಲಿ ಲೆಕ್ಕ ತಲೆಕೆಳಗಾಯಿತು. ಸಮುದ್ರದ ಮೇಲೆ ಬರುವ ರಷ್ಯಾ ತೈಲಕ್ಕೆ ನಾವೇ ದೊಡ್ಡ ಗಿರಾಕಿಯಾದೆವು. ಉತ್ತರ ಮಾತ್ರ ಹಳೆಯದೇ ಉಳಿಯಿತು. ಟಿ.ವಿ. ಚರ್ಚೆಗಳಲ್ಲಿ ಇವತ್ತಿಗೂ ಅದನ್ನೇ ಹೇಳುತ್ತಾರೆ.

ಇನ್ನು ದುಡ್ಡಿನ ವಿಷಯ. ವ್ಯಾಪಾರ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. 2024-25ರಲ್ಲಿ ಎರಡೂ ದೇಶಗಳ ನಡುವೆ 68.7 ಬಿಲಿಯನ್ ಡಾಲರ್ ವ್ಯಾಪಾರ ನಡೆಯಿತು. ಅದರಲ್ಲಿ ನಾವು ಮಾರಿದ್ದು 5 ಬಿಲಿಯನ್ ಡಾಲರ್‌ಗೂ ಕಡಿಮೆ. ಉಳಿದದ್ದೆಲ್ಲ ಕೊಂಡದ್ದು. 2023ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದಿದ್ದ ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್, ಭಾರತದ ಬ್ಯಾಂಕುಗಳಲ್ಲಿ ತಮ್ಮ ಶತಕೋಟಿಗಟ್ಟಲೆ ರೂಪಾಯಿ ಬಿದ್ದಿದೆ, ಅದನ್ನು ಬಳಸಲು ಆಗುತ್ತಿಲ್ಲ ಎಂದು ಬಾಯಿಬಿಟ್ಟೇ ಹೇಳಿದ್ದರು. ನಮ್ಮಿಂದ ಕೊಳ್ಳಲು ಅವರಿಗೆ ಬೇಕಾದ ಸಾಮಾನು ಕಂಡಿಲ್ಲ ಅಂದ ಹಾಗಾಯಿತು. ಈಗ 2030ರೊಳಗೆ ವ್ಯಾಪಾರವನ್ನು 100 ಬಿಲಿಯನ್ ಡಾಲರ್‌ಗೆ ಏರಿಸುವ ಗುರಿ ಇಟ್ಟಿದ್ದಾರೆ. ಏರಲಿ. ಆದರೆ ನಾವು ಏನನ್ನು ಮಾರುತ್ತೇವೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಒಂದೇ ಕಡೆ ತುಂಬುವ ಖಾತೆ ಎಷ್ಟು ದಿನ ನಡೆದೀತು?

ಅಮೆರಿಕದ ವರ್ತನೆ ಅನ್ಯಾಯದ್ದೇ. ರಷ್ಯಾ ತೈಲದ ಹೆಸರಿನಲ್ಲಿ 2025ರ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲೆ ಇನ್ನೂ 25 ಪರ್ಸೆಂಟ್ ಸುಂಕ ಹೇರಿ ಒಟ್ಟು 50ಕ್ಕೆ ಏರಿಸಿದರು. ಅದೇ ತೈಲ ಕೊಳ್ಳುವ ಚೀನಾಕ್ಕೆ ಆ ಶಿಕ್ಷೆ ಇರಲಿಲ್ಲ. ಅಕ್ಟೋಬರ್‌ನಲ್ಲಿ ರಷ್ಯಾದ ರಾಸ್‌ನೆಫ್ಟ್, ಲುಕಾಯಿಲ್ ತೈಲ ಕಂಪನಿಗಳ ಮೇಲೂ ನಿರ್ಬಂಧ ಬಂತು. ಅಮೆರಿಕಕ್ಕೆ ಬಟ್ಟೆ ಕಳಿಸುವ ಬೆಂಗಳೂರು ಕಡೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳು ಈ ಜಗಳದಲ್ಲಿ ಯಾವ ತಪ್ಪು ಮಾಡಿದ್ದರು?

ಬೈದುಕೊಂಡು ಕೂತರೆ ಮಾತ್ರ ಕೆಲಸ ಆಗುವುದಿಲ್ಲ. ಜಾಣತನದಿಂದ ನಡೆದುಕೊಂಡರೆ ದಾರಿ ಸಿಗುತ್ತದೆ ಅನ್ನುವುದಕ್ಕೆ ನಮ್ಮದೇ ಉದಾಹರಣೆ ಇದೆ. ಐಎನ್‌ಎಸ್ ತುಶಿಲ್ ಯುದ್ಧನೌಕೆ 2024ರ ಡಿಸೆಂಬರ್ 9ರಂದು ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿತು. ಹಡಗು ಕಟ್ಟಿದ್ದು ರಷ್ಯಾ. ಅದರ ಗ್ಯಾಸ್ ಟರ್ಬೈನ್ ಎಂಜಿನ್‌ಗಳು ಉಕ್ರೇನಿನವು. 2014ರಲ್ಲಿ ಉಕ್ರೇನಿನ ಕ್ರಿಮಿಯಾವನ್ನು ರಷ್ಯಾ ಕಿತ್ತುಕೊಂಡ ಮೇಲೆ ಉಕ್ರೇನ್ ರಷ್ಯಾಕ್ಕೆ ಎಂಜಿನ್ ಕೊಡುವುದನ್ನು ನಿಲ್ಲಿಸಿತ್ತು. ಆಗ ಭಾರತವೇ ಉಕ್ರೇನಿನಿಂದ ಎಂಜಿನ್ ಕೊಂಡು ರಷ್ಯಾದ ಹಡಗುಕಟ್ಟೆಗೆ ಒಪ್ಪಿಸಿತು. ಪರಸ್ಪರ ಕೊಲ್ಲುತ್ತಿರುವ ಎರಡು ದೇಶಗಳ ಕೈಯಿಂದ ಒಂದು ಹಡಗು ಮಾಡಿಸಿಕೊಂಡಿದ್ದೇವೆ. ಹಡಗಿಗೆ ಇಷ್ಟು ಮುಂದಾಲೋಚನೆ ಇತ್ತು. ಅಡುಗೆ ಎಣ್ಣೆಗೆ ಯಾಕೆ ಇಲ್ಲ?

ನಮ್ಮ ಗದಗ, ಕೊಪ್ಪಳದ ಎರೆ ಭೂಮಿ ಒಂದು ಕಾಲಕ್ಕೆ ಹಿಂಗಾರಿನಲ್ಲಿ ಸೂರ್ಯಕಾಂತಿ ಹೂವಿನಿಂದ ಹಳದಿಯಾಗಿ ಕಾಣುತ್ತಿತ್ತು. ನಮ್ಮಪ್ಪ ಅಡತ್ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಚೀಲದಿಂದ ಒಂದು ಹಿಡಿ ಬೀಜ ತೆಗೆದು, ಹಲ್ಲಲ್ಲಿ ಕಡಿದು ನೋಡಿ, ತೇವ ಎಷ್ಟಿದೆ ಅಂತ ಹೇಳಿಬಿಡುತ್ತಿದ್ದರು. ಸೂರ್ಯಕಾಂತಿ ಬೆಳೆಯಲ್ಲಿ ಕರ್ನಾಟಕವೇ ಮುಂದಿತ್ತು, ಈಗಲೂ ಮುಂದಿದೆ. ಆದರೆ ಬೆಳೆಯೇ ಕುಗ್ಗಿಹೋಗಿದೆ. 1990ರ ದಶಕದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರ್ ದಾಟಿದ್ದ ಸೂರ್ಯಕಾಂತಿ ಈಗ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದಿದೆ. ಗಿಡದ ಎಲೆ ಒಣಗಿಸುವ ನೆಕ್ರೋಸಿಸ್ ರೋಗ ಬಂತು, ಹಕ್ಕಿ ಕಾಟ ಇತ್ತು, ಹೊರಗಿನ ಅಗ್ಗದ ಎಣ್ಣೆ ದರ ಬೀಳಿಸಿತು. ರೈತ ಕಡಲೆ, ಮೆಕ್ಕೆಜೋಳ ಹಿಡಿದ. ಅವನದ್ದು ತಪ್ಪಲ್ಲ.

ಸರ್ಕಾರ 2024ರಲ್ಲಿ ಎಣ್ಣೆಕಾಳು ಮಿಷನ್‌ಗೆ 10,103 ಕೋಟಿ ರೂಪಾಯಿ ಇಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕವನ್ನು 20 ಪರ್ಸೆಂಟ್‌ಗೆ ಏರಿಸಿತು. ಸಂತೋಷಪಟ್ಟೆವು. ಎಂಟು ತಿಂಗಳು ಕಳೆದು, 2025ರ ಮೇ ಕೊನೆಗೆ ಅದನ್ನು 10ಕ್ಕೆ ಇಳಿಸಿತು. ಗಿರಾಕಿಗೆ ಅಗ್ಗವಾಗಲಿ ಎಂಬ ಉದ್ದೇಶ ನನಗೆ ತಿಳಿಯುತ್ತದೆ, ನನ್ನ ಗಲ್ಲಾಕ್ಕೂ ಅದು ಒಳ್ಳೆಯದೇ. ಆದರೆ ಮುಂಗಾರು ಬಿತ್ತನೆಯ ಹೊಸ್ತಿಲಲ್ಲಿ ಸುಂಕ ಇಳಿದರೆ ಸೂರ್ಯಕಾಂತಿ ಬಿತ್ತುವ ಧೈರ್ಯ ಯಾರಿಗೆ ಬರುತ್ತದೆ? 2025-26ರ ಸಾಲಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 7,721 ರೂಪಾಯಿ. ಖರೀದಿ ಕೇಂದ್ರ ಸಮಯಕ್ಕೆ ತೆರೆಯದಿದ್ದರೆ ಅದು ಬರೀ ಕಾಗದದ ಮೇಲಿನ ಬೆಲೆ.

ಯುದ್ಧ ನಮ್ಮದಲ್ಲ ಅಂತ ಕೆಲವರು ಸುಮ್ನೆ ಹೇಳಿಬಿಡುತ್ತಾರೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಸತ್ತವನು ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ. ಆಹಾರ ಸಾಮಾನು ತರಲು ಹೊರಗೆ ಹೋಗಿದ್ದ. ದಿನವಿಡೀ ಸಾಮಾನು ಕಟ್ಟಿಕೊಡುವ ನನಗೆ ಅದನ್ನು ಮರೆಯಲು ಆಗಿಲ್ಲ. ಕಲಬುರಗಿ ಜಿಲ್ಲೆಯ ಹುಡುಗರನ್ನು ಕೆಲಸ ಕೊಡಿಸುವುದಾಗಿ ನಂಬಿಸಿ ರಷ್ಯಾಕ್ಕೆ ಕರೆದೊಯ್ದು ಯುದ್ಧಭೂಮಿಗೆ ತಳ್ಳಿದ್ದರು. 2024ರ ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲಿ ಈ ವಿಷಯ ಎತ್ತಿದ ಮೇಲೆ ಅವರು ಊರಿಗೆ ಮರಳಿದರು. ಸ್ನೇಹ ಇದ್ದರೆ ಕೇಳಬಹುದು, ಕೇಳಿದರೆ ನಡೆಯುತ್ತದೆ ಅಂತ ಇದರಿಂದ ಗೊತ್ತಾಯಿತಲ್ಲ. ಹಾಗಿದ್ದರೆ ಯುದ್ಧ ನಿಲ್ಲಿಸಿ ಅಂತಲೂ ಅದೇ ಗಟ್ಟಿ ದನಿಯಲ್ಲಿ, ಪ್ರತಿ ಭೇಟಿಯಲ್ಲೂ ಕೇಳಬೇಕು. ಇಷ್ಟೊಂದು ತೈಲ ಕೊಳ್ಳುವ ಗಿರಾಕಿಯ ಮಾತಿಗೆ ತೂಕ ಇದ್ದೇ ಇರುತ್ತದೆ.

ಕೊನೆಯದಾಗಿ ನಿಮ್ಮಲ್ಲೊಂದು ಕೋರಿಕೆ. ಹಿಂಗಾರಿನ ಸೂರ್ಯಕಾಂತಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಮಾರುಕಟ್ಟೆಗೆ ಬರುತ್ತದೆ. ಆಗ ನಿಮ್ಮ ವರದಿಗಾರರನ್ನು ಒಂದು ದಿನ ಗದಗ ಎಪಿಎಂಸಿಗೆ ಕಳಿಸಿ. ಹರಾಜಿನಲ್ಲಿ ಕ್ವಿಂಟಲ್‌ಗೆ ಎಷ್ಟು ಕೂಗಿದರು, ಖರೀದಿ ಕೇಂದ್ರ ತೆರೆದಿತ್ತೋ ಇಲ್ಲವೋ, ಅದನ್ನು ಪುಟಿನ್ ಭೇಟಿಯ ಸುದ್ದಿ ಬಂದ ಮುಖಪುಟದಲ್ಲೇ ಹಾಕಿ.

ಇಂತಿ ನಿಮ್ಮ ಓದುಗ,
ಒಬ್ಬ ಕಿರಾಣಿ ವ್ಯಾಪಾರಿ, ಗದಗ