ಚುಕ್ಕಿ ಫೋಟೋದ ಕೆಳಗೆ ಇನ್ನೊಂದು ಸಾಲು ಬರೆಯಿರಿ

ಸಂಪಾದಕರಿಗೆ ನಮಸ್ಕಾರ,

ನಾನು ವಿಜಯಪುರದಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೊ ಇಟ್ಟುಕೊಂಡವನು. ಮದುವೆ, ಕುಬುಸ, ಪಾಸ್‌ಪೋರ್ಟ್ ಸೈಜು, ಇದರಲ್ಲೇ ಹೊಟ್ಟೆಪಾಡು. ಕೆಲಸ ಇಲ್ಲದ ರಾತ್ರಿ ಕ್ಯಾಮೆರಾ ಹೊತ್ತುಕೊಂಡು ಊರ ಹೊರಗೆ ಹೋಗಿ ಆಕಾಶದ ಫೋಟೋ ತೆಗೆಯುವ ಹುಚ್ಚು ಹತ್ತು ಹನ್ನೆರಡು ವರ್ಷದಿಂದ ಇದೆ. ಹಾಗಾಗಿ ಪೇಪರ್‌ನಲ್ಲಿ ಗ್ರಹ, ಚಂದ್ರ, ಉಲ್ಕೆ ಅಂತ ಏನೇ ಫೋಟೋ ಬಂದರೂ ರಾಜಕೀಯ ಬಿಟ್ಟು ಮೊದಲು ಅದನ್ನೇ ನೋಡುತ್ತೇನೆ. ಈಗೀಗ ಇಂಥ ಫೋಟೋ ಜಾಸ್ತಿ ಬರುತ್ತಿವೆ, ಅದು ಖುಷಿಯ ವಿಷಯವೇ. ನನ್ನ ತಕರಾರು ಫೋಟೋದ ಕೆಳಗೆ ಹಾಕುವ ಆ ಒಂದು ಸಾಲಿನ ಮೇಲೆ.

ಕಳೆದ ಡಿಸೆಂಬರ್‌ನಲ್ಲಿ ನಡೆದದ್ದು ಹೇಳುತ್ತೇನೆ. ಪ್ರತಿ ವರ್ಷ 13, 14ರ ಆಸುಪಾಸಿಗೆ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಬೀಳುತ್ತವಲ್ಲ, ಅದರ ಬಗ್ಗೆ ಒಂದು ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಯಾವ ಪತ್ರಿಕೆ ಅಂತ ಹೇಳುವುದಿಲ್ಲ, ಯಾಕೆ ಸುಮ್ನೆ. ಒಂದು ಗುಡ್ಡ, ಅದರ ಮೇಲೆ ಕೊಡೆಯ ಕಡ್ಡಿ ಬಿಚ್ಚಿದ ಹಾಗೆ ನಲವತ್ತು ಐವತ್ತು ಬೆಳಕಿನ ಗೆರೆ. ಕೆಳಗೆ, ಇಂದು ರಾತ್ರಿ ಬೆಂಕಿ ಮಳೆ, ಗಂಟೆಗೆ 120 ಉಲ್ಕೆ ಅಂತ ದಪ್ಪ ಅಕ್ಷರ. ಸಂಜೆ ಹೊತ್ತಿಗೆ ನಮ್ಮ ಓಣಿಯ ಐದು ಮಕ್ಕಳು ಆ ಪೇಪರ್ ಹಿಡಿದುಕೊಂಡು ಸ್ಟುಡಿಯೊ ಬಾಗಿಲಲ್ಲಿ ನಿಂತಿದ್ದರು. ಧನುರ್ಮಾಸ ಹಿಡಿಯುವ ಮುಂಚಿನ ಮದುವೆ ಗಡಿಬಿಡಿ, ಮರುದಿನ ನನಗೆ ಬೆಳಗಿನ ಮುಹೂರ್ತದ ಆರ್ಡರ್ ಬೇರೆ ಇತ್ತು. ಆದರೂ ಇಲ್ಲ ಅನ್ನಲಾಗಲಿಲ್ಲ. ಗೆಳೆಯನ ಓಮ್ನಿಯಲ್ಲಿ ಎಲ್ಲರನ್ನೂ ತುಂಬಿಕೊಂಡು ಕೊಲ್ಹಾರದ ಕಡೆ, ಆಲಮಟ್ಟಿ ಹಿನ್ನೀರಿನ ಹತ್ತಿರ ಅವನ ಹೊಲಕ್ಕೆ ಹೋದೆವು. ಎದೆಮಟ್ಟ ಬಿಳಿಜೋಳ, ಒಳ್ಳೆ ಚಳಿ. ಬದುವಿನ ಮೇಲೆ ಕೌದಿ ಹಾಸಿಕೊಂಡು ಅಂಗಾತ ಮಲಗಿದೆವು.

ರಾತ್ರಿ ಹತ್ತರಿಂದ ಎರಡರವರೆಗೆ ಎಣಿಸಿದ್ದು 61. ನಾನು ಇಷ್ಟು ವರ್ಷದಲ್ಲಿ ನೋಡಿದ ಒಳ್ಳೆಯ ರಾತ್ರಿಗಳಲ್ಲಿ ಅದೂ ಒಂದು. ಒಂದಂತೂ ನೀರಿನ ಮೇಲೆ ಬೆಳಕು ಬೀಳುವಷ್ಟು ಜೋರಾಗಿ ಉರಿಯಿತು. ಹೊಲದ ನಾಯಿ ಎದ್ದು ನಿಂತು ಬೊಗಳಿತು. ಆದರೆ ವಾಪಸ್ ಬರುವಾಗ ಗಾಡಿಯಲ್ಲಿ ಎಲ್ಲರದ್ದೂ ಮುಖ ಸಪ್ಪಗೆ. ಕೊನೆಗೆ ಒಬ್ಬ ಕೇಳಿಯೇ ಬಿಟ್ಟ, “ಕಾಕಾ, ಪೇಪರ್‌ನ್ಯಾಗ ತೋರ್ಸಿದಂಗ ಎಲ್ಲಾ ಕೂಡಿ ಒಮ್ಮೆ ಬೀಳಂಗಿಲ್ಲೇನ್ರಿ?”

61 ಉಲ್ಕೆ ನೋಡಿದ ಮಕ್ಕಳು ಮೋಸ ಹೋದವರ ಹಾಗೆ ಮನೆಗೆ ಬಂದರು. ಅವತ್ತೇ ಈ ಪತ್ರ ಬರೆಯಬೇಕು ಅನ್ನಿಸಿತ್ತು.

ಆ ಫೋಟೋ ಸುಳ್ಳೇನಲ್ಲ. ಅಂಥದ್ದೊಂದನ್ನು ನಾನೂ ಅವತ್ತೇ ರಾತ್ರಿ ಮಾಡಿದೆ. ಹೇಗೆ ಅಂತ ಹೇಳಿಬಿಡುತ್ತೇನೆ. ಕ್ಯಾಮೆರಾ ಸ್ಟ್ಯಾಂಡ್ ಮೇಲೆ, ಆಕಾಶ ಅಗಲಕ್ಕೆ ಹಿಡಿಯುವ 14 ಎಂಎಂ ಲೆನ್ಸ್, ಅಪರ್ಚರ್ ಅಂದರೆ ಬೆಳಕು ಒಳಗೆ ಬರುವ ಕಿಂಡಿ ಪೂರ್ತಿ ತೆರೆದು 2.8, ಮಸುಕು ಬೆಳಕೂ ಮೂಡಲಿ ಅಂತ ಐಎಸ್‌ಒ 3200, ಒಂದೊಂದು ಫೋಟೋಕ್ಕೆ 20 ಸೆಕೆಂಡ್. ಅದಕ್ಕಿಂತ ತುಂಬಾ ಜಾಸ್ತಿ ಇಟ್ಟರೆ ಭೂಮಿ ತಿರುಗುವುದರಿಂದ ಚುಕ್ಕಿಗಳೇ ಗೆರೆಯಾಗುತ್ತವೆ. ಯಾವ ಉಲ್ಕೆ ಯಾವಾಗ ಬೀಳುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ನೋಡಿ ಬಟನ್ ಒತ್ತುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೆ ಟೈಮರ್ ಹಾಕಿ ಒಂದರ ಹಿಂದೆ ಒಂದು ತೆಗೆಯುತ್ತಲೇ ಇರುವುದು. ನಾಲ್ಕು ಗಂಟೆಯಲ್ಲಿ ಸುಮಾರು 700 ಫೋಟೋ ಆದವು. ಒಂದು ಗಂಟೆ ಹೊತ್ತಿಗೆ ಹಿನ್ನೀರಿನ ಕಡೆಯಿಂದ ಇಬ್ಬನಿ ಬಂದು ಲೆನ್ಸ್ ಮೇಲೆ ಕೂತಿತ್ತು, ನಾನು ನೋಡಿಕೊಳ್ಳಲಿಲ್ಲ, ಅರವತ್ತು ಫೋಟೋ ಮಂಜು ಮಂಜಾಗಿ ದಂಡ.

ಆಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಒಂದೊಂದೇ ದೊಡ್ಡದು ಮಾಡಿ ನೋಡಬೇಕು. ಗೆರೆ ಕಂಡಿತು ಅಂತ ಕುಣಿಯುವ ಹಾಗಿಲ್ಲ. ವಿಮಾನ ಆದರೆ ಗೆರೆಯ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ದೀಪದ ಚುಕ್ಕಿ ಇರುತ್ತವೆ. ಉಪಗ್ರಹ ಆದರೆ ಗೆರೆ ಸಾಮಾನ್ಯವಾಗಿ ಒಂದೇ ದಪ್ಪ, ಮುಂದಿನ ಫೋಟೋದಲ್ಲೂ ಅಲ್ಲಿಂದಲೇ ಮುಂದುವರಿದಿರುತ್ತದೆ. ಈಗ ಇವುಗಳ ಕಾಟ ಎಷ್ಟಾಗಿದೆ ಅಂದರೆ ಸಂಜೆ, ನಸುಕಿನಲ್ಲಿ ತೆಗೆದ ಫೋಟೋಗಳಲ್ಲಿ ಇವೇ ಜಾಸ್ತಿ. ಉಲ್ಕೆ ಹಾಗಲ್ಲ. ಎರಡೂ ತುದಿ ಸಣ್ಣ, ನಡುವೆ ದಪ್ಪ, ಜೋಳದ ಎಲೆಯ ಹಾಗೆ. ಎಷ್ಟೋ ಸಲ ಶುರುವಿನ ತುದಿ ಹಸಿರಾಗಿರುತ್ತದೆ. 700ರಲ್ಲಿ ನನಗೆ ಉಲ್ಕೆ ಸಿಕ್ಕಿದ್ದು 11 ಫೋಟೋದಲ್ಲಿ. ಆ ನಾಲ್ಕು ಗಂಟೆಯಲ್ಲಿ ಚುಕ್ಕಿಗಳೆಲ್ಲ ಪಶ್ಚಿಮಕ್ಕೆ ಸರಿದಿರುತ್ತವಲ್ಲ, ಅದಕ್ಕೆ ಒಂದೊಂದು ಫೋಟೋವನ್ನೂ ತಿರುಗಿಸಿ ಚುಕ್ಕಿಯ ಮೇಲೆ ಚುಕ್ಕಿ ಕೂರಿಸಿದರೆ 11 ಗೆರೆಯೂ ಮಿಥುನ ರಾಶಿಯ ಒಂದೇ ಜಾಗದಿಂದ ಚೆಲ್ಲಿದ ಹಾಗೆ ಕಾಣುತ್ತವೆ. ನಿಜವಾಗಿ ಅವು ಒಂದಕ್ಕೊಂದು ಸಮಾನಾಂತರವಾಗಿಯೇ ಬರುವುದು. ರೈಲು ಹಳಿಯ ನಡುವೆ ನಿಂತು ನೋಡಿದರೆ ಹಳಿಗಳು ದೂರದಲ್ಲಿ ಕೂಡಿದ ಹಾಗೆ ಕಾಣುತ್ತವಲ್ಲ, ಅಷ್ಟೇ ವಿಷಯ.

ಆ ಗಂಟೆಗೆ 120 ಅನ್ನುವ ಲೆಕ್ಕವೂ ಹಾಗೆಯೇ. ಉಲ್ಕೆ ಬರುವ ಆ ಜಾಗ ಸರಿಯಾಗಿ ನೆತ್ತಿಯ ಮೇಲಿದ್ದು, ಎಲ್ಲೂ ಒಂದು ದೀಪವೂ ಇಲ್ಲದೆ ಆಕಾಶ ಪೂರ್ತಿ ಕಪ್ಪಗಿದ್ದರೆ ಒಬ್ಬನಿಗೆ ಎಷ್ಟು ಕಾಣಬಹುದು ಅನ್ನುವ ಲೆಕ್ಕ ಅದು. ಓಣಿಯ ಹೈಮಾಸ್ಟ್ ದೀಪದ ಕೆಳಗೆ ನಿಂತವನಿಗೆ ಐದು ಕಂಡರೆ ಪುಣ್ಯ. ಇಷ್ಟನ್ನು ಒಂದು ಸಾಲಿನಲ್ಲಿ ಹೇಳಬಹುದಿತ್ತು: ಇಷ್ಟು ಗಂಟೆಗಳಲ್ಲಿ ತೆಗೆದ ಇಷ್ಟು ಫೋಟೋ ಸೇರಿಸಿದ್ದು. ಹಾಗೆ ಬರೆದಿದ್ದರೆ ಆ ಮಕ್ಕಳು ಒಂದೊಂದು ಗೆರೆಗೂ ಸಿಳ್ಳೆ ಹೊಡೆಯುತ್ತಿದ್ದರು.

ಇನ್ನು ನೌಕೆಗಳು ಕಳಿಸುವ ಫೋಟೋ. ಇಲ್ಲಿ ಕಥೆ ಇನ್ನೂ ಮಜಾ ಇದೆ. 1965ರ ಜುಲೈನಲ್ಲಿ ಮ್ಯಾರಿನರ್ 4 ಮಂಗಳದ ಹತ್ತಿರ ಹಾದು ಹೋಯಿತು. ಆ ಗ್ರಹವನ್ನು ಹತ್ತಿರದಿಂದ ಫೋಟೋ ತೆಗೆದ ಮೊದಲ ನೌಕೆ ಅದೇ. ಫೋಟೋ ಅಂದರೆ ಉದ್ದ 200, ಅಗಲ 200 ಚುಕ್ಕಿ, ಅಷ್ಟೇ. ಅದೂ 20 ಕೋಟಿ ಕಿ.ಮೀ.ಗಿಂತ ದೂರದಿಂದ ಬರಬೇಕು, ಒಂದೊಂದು ಫೋಟೋಕ್ಕೆ ಎಂಟು ಗಂಟೆಯಷ್ಟು ಹೊತ್ತು. ಬರೀ ಅಂಕಿಗಳಾಗಿ ಬರುತ್ತಿದ್ದವು. ಕಂಪ್ಯೂಟರ್ ಅದನ್ನು ಚಿತ್ರ ಮಾಡಿಕೊಡುವವರೆಗೆ ಕಾಯಲು ನಾಸಾದ ಎಂಜಿನಿಯರ್‌ಗಳಿಗೆ ತಡೆಯಲಾಗಲಿಲ್ಲ. ಅಂಕಿ ಇರುವ ಕಾಗದದ ಪಟ್ಟಿಗಳನ್ನು ಸಾಲಾಗಿ ಗೋಡೆಗೆ ಹಚ್ಚಿ, ಬಣ್ಣದ ಕಡ್ಡಿ ತರಿಸಿ, ಇಷ್ಟರಿಂದ ಇಷ್ಟು ಅಂಕಿಗೆ ಈ ಬಣ್ಣ ಅಂತ ಕೈಯಿಂದಲೇ ತುಂಬುತ್ತಾ ಹೋದರು. ನಮ್ಮ ಹೆಣ್ಣುಮಕ್ಕಳು ಚುಕ್ಕಿ ಎಣಿಸಿ ರಂಗೋಲಿಗೆ ಬಣ್ಣ ತುಂಬುತ್ತಾರಲ್ಲ, ಥೇಟ್ ಹಾಗೆ. ಮಂಗಳದ ಮೊದಲ ಹತ್ತಿರದ ಚಿತ್ರ ಮನುಷ್ಯನ ಕೈಯಲ್ಲಿ ಬಣ್ಣ ಹಚ್ಚಿದ್ದು! ಇದನ್ನು ಓದಿದ ದಿನ ನನಗೆ ನಿದ್ದೆಯೇ ಬರಲಿಲ್ಲ.

ಬಣ್ಣದ ವಿಷಯದಲ್ಲಿ ನಾಸಾದವರೂ ಎಡವಿದ್ದಾರೆ. 1976ರ ಜುಲೈನಲ್ಲಿ ವೈಕಿಂಗ್ 1 ಮಂಗಳದ ಮೇಲೆ ಇಳಿದಾಗ ಮೊದಲು ಬಿಡುಗಡೆ ಮಾಡಿದ ಕಲರ್ ಫೋಟೋದಲ್ಲಿ ಆಕಾಶ ನಮ್ಮಲ್ಲಿಯ ಹಾಗೆ ನೀಲಿ ನೀಲಿ. ಆಮೇಲೆ ಸರಿಯಾಗಿ ಲೆಕ್ಕ ಹಾಕಿ ನೋಡಿದರೆ ಧೂಳಿನಿಂದಾಗಿ ಅಲ್ಲಿನ ಆಕಾಶ ತೆಳು ಗುಲಾಬಿ, ಕಂದು. ತಿದ್ದಿ ಮತ್ತೆ ಬಿಡುಗಡೆ ಮಾಡಿದರು. ನನ್ನ ಕಸುಬಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅರಿಶಿಣ ಹಚ್ಚುವ ಕಾರ್ಯಕ್ರಮದಲ್ಲಿ ಎಲ್‌ಇಡಿ ದೀಪ ಹಾಕಿರುತ್ತಾರೆ, ವೈಟ್ ಬ್ಯಾಲೆನ್ಸ್, ಅಂದರೆ ದೀಪಕ್ಕೆ ತಕ್ಕ ಹಾಗೆ ಬಣ್ಣ ಹೊಂದಿಸುವುದು, ಸ್ವಲ್ಪ ತಪ್ಪಿದರೆ ಮದುಮಗಳ ಮುಖ ನೀಲಿ, ಅರಿಶಿಣ ಹಸಿರು. ಹುಡುಗಿಯ ತಾಯಿ ಬಂದು ಬೈಯುತ್ತಾರೆ, ತಿದ್ದಿಕೊಡುತ್ತೇವೆ. ಮಂಗಳದಲ್ಲಿ ಬೈಯಲು ಯಾರೂ ಇಲ್ಲ ನೋಡಿ, ಅದಕ್ಕೇ ನೌಕೆಯ ಮೈಮೇಲೇ ಬಣ್ಣದ ಪಟ್ಟಿ ಅಂಟಿಸಿ ಕಳಿಸಿರುತ್ತಾರೆ. ಅದರ ಫೋಟೋ ತೆಗೆದು, ಇಲ್ಲಿ ಗೊತ್ತಿರುವ ಬಣ್ಣದ ಜತೆ ತಾಳೆ ನೋಡುವುದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ದೂರದ ಗ್ರಹಗಳಿಗೆ ಹೋದ ಎಷ್ಟೋ ನೌಕೆಗಳ ಕ್ಯಾಮೆರಾ ಕಪ್ಪು ಬಿಳುಪಿನದ್ದೇ. ಶನಿಯ ಸುತ್ತ 2004ರಿಂದ 2017ರವರೆಗೆ ಸುತ್ತಿದ ಕ್ಯಾಸಿನಿ ಕೂಡ ಹಾಗೆಯೇ, ಬೆಳಕು ಹಿಡಿಯುವ ಸೆನ್ಸರ್ ಮುಂದೆ ಬೇರೆ ಬೇರೆ ಬಣ್ಣದ ಫಿಲ್ಟರ್ ತಂದು ಮೂರು ಸಲ ತೆಗೆಯುವುದು, ಇಲ್ಲಿ ಕೂಡಿಸುವುದು. ನಮ್ಮ ಮಂಗಳಯಾನದ ಕ್ಯಾಮೆರಾ ಮಾತ್ರ ನನ್ನ ಸ್ಟುಡಿಯೊ ಕ್ಯಾಮೆರಾದ ಜಾತಿಯದ್ದು, ಸೆನ್ಸರ್ ಮೇಲೇ ಕೆಂಪು, ಹಸಿರು, ನೀಲಿ ಫಿಲ್ಟರ್, ಒಂದೇ ಹೊಡೆತಕ್ಕೆ ಕಲರ್. 2014ರ ಸೆಪ್ಟೆಂಬರ್‌ನಲ್ಲಿ ಅದು 70 ಸಾವಿರ ಕಿ.ಮೀ.ಗಿಂತ ಎತ್ತರದಿಂದ ಇಡೀ ಮಂಗಳವನ್ನು ಒಂದೇ ಫೋಟೋದಲ್ಲಿ ತೆಗೆದು ಕಳಿಸಿತ್ತು. ಅದನ್ನು ಫ್ರೇಮ್ ಹಾಕಿಸಿ ಸ್ಟುಡಿಯೊದಲ್ಲಿ ತೂಗುಹಾಕಿದ್ದೇನೆ, ಗಿರಾಕಿಗಳು ಯಾರು ತೆಗೆದದ್ದು ಅಂತ ಕೇಳಿದಾಗ ಇಸ್ರೋದವರು ಅಂತ ಹೇಳುವ ಖುಷಿಯೇ ಬೇರೆ.

ಗುರುವಿನ ಸುತ್ತ ಇರುವ ಜುನೋ ನೌಕೆಯದ್ದು ಇನ್ನೂ ಚೆಂದ. ಅದರ ಕ್ಯಾಮೆರಾದಿಂದ ಬಂದ ಹಸಿ ಫೋಟೋಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಯಾರು ಬೇಕಾದರೂ ಇಳಿಸಿಕೊಂಡು ಜೋಡಿಸಿ ಬಣ್ಣ ಸರಿಮಾಡಬಹುದು. ಪೇಪರ್‌ಗಳಲ್ಲಿ ಬರುವ ಗುರುವಿನ ನೀಲಿ ಸುಳಿ ಸುಳಿ ಮೋಡದ ಎಷ್ಟೋ ಫೋಟೋ ಹೀಗೆ ಮನೆಯಲ್ಲಿ ಕೂತು ಹವ್ಯಾಸಿಗಳು ಮಾಡಿದ್ದು. ಸುಳಿ ಎದ್ದು ಕಾಣಲಿ ಅಂತ ಬಣ್ಣ ಏರಿಸಿರುತ್ತಾರೆ. ಏರಿಸಿದ್ದೇವೆ ಅಂತ ಹೇಳಿಯೂ ಇರುತ್ತಾರೆ, ಹೆಸರೂ ಹಾಕಿರುತ್ತಾರೆ. ಕನ್ನಡ ಪೇಪರ್‌ಗೆ ಬರುವಷ್ಟರಲ್ಲಿ ಆ ಸಾಲು ಉದುರಿ ಬರೀ ‘ನಾಸಾ ಚಿತ್ರ’ ಉಳಿಯುತ್ತದೆ. ರಾತ್ರಿಯಿಡೀ ಕೂತು ಅಲ್ಬಂ ಮಾಡಿದವನ ಹೆಸರು ಅಳಿಸಿದರೆ ಹೇಗಾಗುತ್ತದೆ ಅಂತ ನನಗೆ ಗೊತ್ತು.

ಸಾಲು ಇಲ್ಲದೆ ಏನಾಗುತ್ತದೆ ಅನ್ನುವುದಕ್ಕೆ ಚಂದ್ರಯಾನ 3ರದ್ದೂ ಒಂದು ಹೇಳಬೇಕು. 2023ರ ಆಗಸ್ಟ್ 23ಕ್ಕೆ ವಿಕ್ರಮ್ ಇಳಿಯಿತು, ಮುಂದೆ ಸೆಪ್ಟೆಂಬರ್‌ನಲ್ಲಿ ಇಸ್ರೋ ಒಂದು ತ್ರೀಡಿ ಫೋಟೋ ಕೊಟ್ಟಿತು. ಪ್ರಜ್ಞಾನ್ ರೋವರ್‌ನ ಎರಡು ಕಣ್ಣಿನ ಫೋಟೋ ಸೇರಿಸಿ, ಎಡದ್ದಕ್ಕೆ ಕೆಂಪು, ಬಲದ್ದಕ್ಕೆ ನೀಲಿ ಹಸಿರು ಕೊಟ್ಟಿದ್ದು. ಕೆಂಪು ನೀಲಿ ಕನ್ನಡಕ ಹಾಕಿ ನೋಡಿದರೆ ಲ್ಯಾಂಡರ್ ಎದ್ದು ನಿಂತ ಹಾಗೆ ಕಾಣುತ್ತದೆ. ನಮ್ಮ ಚಹಾದಂಗಡಿಯಲ್ಲಿ ಅದನ್ನು ನೋಡಿದವರು ಪ್ರಿಂಟ್ ಸರಿದಿದೆ ಅಂದುಕೊಂಡು ಪೇಪರ್ ಮಡಚಿಟ್ಟರು. ಅದೇ ಅಂಗಡಿಯಲ್ಲಿ ಇನ್ನೊಬ್ಬರದ್ದು ಬೇರೆ ಅನುಮಾನ, “ಚಂದ್ರನ ಮ್ಯಾಲಿನ ಫೋಟೋದಾಗ ಒಂದ ಚುಕ್ಕಿನೂ ಇಲ್ಲಲಾ, ಇದು ಖರೇನಾ?” ನಾನು ಹೇಳಿದೆ, ಬಿಸಿಲಲ್ಲಿ ಹೊಳೆಯುವ ನೆಲಕ್ಕೆ ಎಕ್ಸ್‌ಪೋಶರ್ ಇಟ್ಟರೆ ಚುಕ್ಕಿ ಹೇಗೆ ಬರುತ್ತವೆ, ಇವತ್ತು ರಾತ್ರಿ ನೀವೇ ಮೊಬೈಲ್‌ನಲ್ಲಿ ಹುಣ್ಣಿಮೆ ಚಂದ್ರನ ಫೋಟೋ ತೆಗೀರಿ. ತೆಗೆದರು. ಬಿಳಿ ಇಡ್ಲಿ ಬಂತು. ಚಂದ್ರನ ಮೇಲೆ ಬೆರಳಿಟ್ಟು ಬೆಳಕು ಇಳಿಸಿ ಅಂದೆ. ಕಲೆಗಳು ಕಂಡವು, ಸುತ್ತಲಿನ ಆಕಾಶ ಮಸಿಯಾಯಿತು. “ಹೌದಲಾ!” ಅಂದರು. ವಾದ ಅಲ್ಲಿಗೆ ಮುಗಿಯಿತು.

ಹಾಗಾಗಿ ನಾನು ಕೇಳುವುದು ಇಷ್ಟೇ. ಇಂಥ ಫೋಟೋ ಹಾಕುವಾಗ ಯಾವ ನೌಕೆ ಅಥವಾ ಯಾವ ಊರಿನಿಂದ, ಎಷ್ಟು ಫೋಟೋ ಸೇರಿಸಿ, ಬಣ್ಣ ಇದ್ದದ್ದೋ ಏರಿಸಿದ್ದೋ, ಯಾರು ಮಾಡಿದ್ದು ಅಂತ ಇನ್ನೊಂದು ಸಾಲು ಕೊಡಿ. ಜಾಗ ಇಲ್ಲ ಅನ್ನಬೇಡಿ, ರಾಶಿ ಭವಿಷ್ಯಕ್ಕೆ ಹನ್ನೆರಡು ರಾಶಿಗೂ ಜಾಗ ಇದೆ, ಅಲ್ವಾ? ಮತ್ತೆ ಆಗಸ್ಟ್ ಬಂತೆಂದರೆ ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ವಾಟ್ಸಾಪ್‌ನಲ್ಲಿ ಎರಡು ಚಂದ್ರರ ಫೋಟೋ ಓಡಾಡುತ್ತದೆ. 2003ರ ಆಗಸ್ಟ್ 27ರಂದು ಮಂಗಳ ಸುಮಾರು 5.6 ಕೋಟಿ ಕಿ.ಮೀ.ಗೆ ಬಂದಿದ್ದು ನಿಜ, ಆದರೆ ಅವತ್ತೂ ಅದು ಚಂದ್ರನ ಅಗಲದ ಎಪ್ಪತ್ತರಲ್ಲಿ ಒಂದು ಪಾಲಿನಷ್ಟೇ ಕಂಡಿದ್ದು. ಇಪ್ಪತ್ತು ವರ್ಷ ದಾಟಿದರೂ ಆ ಮೆಸೇಜ್ ಸತ್ತಿಲ್ಲ. ಈ ಆಗಸ್ಟ್‌ಗೆ ಅದರ ಬಗ್ಗೆಯೂ ನಾಲ್ಕು ಸಾಲು ಬರಲಿ.

ಈ ಪತ್ರದ ಜತೆ ಎರಡು ಫೋಟೋ ಇಟ್ಟಿದ್ದೇನೆ. ಒಂದರಲ್ಲಿ ಜೋಳದ ತೆನೆ, ಹಿನ್ನೀರು, ಮೂಲೆಯಲ್ಲಿ ಕೂದಲೆಳೆಯಷ್ಟು ಒಂದೇ ಉಲ್ಕೆ, ಒಂದೇ ಸಲ ತೆಗೆದದ್ದು. ಇನ್ನೊಂದು ಆ 11ನ್ನೂ ಸೇರಿಸಿದ್ದು. ನೀವು ಎರಡನೆಯದನ್ನೇ ಆರಿಸುತ್ತೀರಿ ಅಂತ ಗೊತ್ತು. ಹಾಕಿ. ಕೆಳಗೆ 11 ಅಂತ ಬರೆಯಲು ಮರೆಯಬೇಡಿ, ಆ ಹುಡುಗ ನೋಡುತ್ತಾನೆ.

— ಒಬ್ಬ ಸ್ಟುಡಿಯೊದವನು, ವಿಜಯಪುರ